ಅಣ್ಣನ ಎಂಜಿನ್ನಿನ ಗರಗರ

ಬದುಕಿರುವ ಮನುಷ್ಯನಿಗೆ ನೆನಪಿನ ಫಲಕ ಬರೆಸಿದವರನ್ನು ನಾನು ನೋಡಿದ್ದು ಆ ಆಟಿಕೆ ರೈಲಿನ ಕ್ಲಬ್ಬಿನಲ್ಲೇ. ಆಟಿಕೆ ಅಂದರೆ ಅಲ್ಲಿಯವರಿಗೆ ಸಿಟ್ಟು, ಮಾದರಿ ರೈಲು ಅನ್ನಬೇಕಂತೆ. ಸಿಟ್ಟು ಬರಲಿ ಬಿಡಿ. ತಗಡಿನ ಮೇಲೆ ಚಂದದ ಅಕ್ಷರದಲ್ಲಿ 'ನಮ್ಮ ಹಿರಿಯ ಸದಸ್ಯರ ನೆನಪಿಗೆ' ಅಂತ ಕೆತ್ತಿಸಿ, ಗೋಡೆಯ ಗಾಜಿನ ಪೆಟ್ಟಿಗೆಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದರು. ಪೆಟ್ಟಿಗೆಯೊಳಗೆ ನಮ್ಮಣ್ಣ ಮಾಡಿದ ಎಂಜಿನ್. ಹಿರಿಯ ಸದಸ್ಯ ಅಂದರೆ ಅದೇ ಅಣ್ಣ, ನನ್ನ ಪಕ್ಕದಲ್ಲೇ ನಿಂತು ಅದನ್ನು ಓದುತ್ತಿದ್ದ.

ನನಗೆ ಪಿತ್ತ ನೆತ್ತಿಗೇರಿತು.

"ಅಧ್ಯಕ್ಷರೇ, ಇವನು ಯಾವಾಗ ತೀರಿಕೊಂಡ? ನಮಗೆ ಮನೇಲಿ ಯಾರೂ ಹೇಳಲೇ ಇಲ್ಲ" ಅಂದೆ.

ಕ್ಲಬ್ಬಿನ ಅಧ್ಯಕ್ಷರು ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ದಪ್ಪ ಮೀಸೆ, ಜೇನಿನಲ್ಲಿ ಅದ್ದಿದ ಮಾತು. ಏನು ಬೈದರೂ ಅವರಿಗೆ ತಾಗುವುದಿಲ್ಲ.

"ಛೆ ಛೆ, ಗೌರವಕ್ಕೆ ಅಂತ ಮಾಡಿದ್ದು ಮೇಡಂ. ಎಂಜಿನ್ ಸದ್ದು ಮಾಡ್ತಿದೆ, ನೀವೇ ಕೇಳಿದ್ದೀರಲ್ಲ. ಮುಂದಿನ ಭಾನುವಾರ ಪ್ರದರ್ಶನ, ಹೊರಗಿನ ಜನ ಬರ್ತಾರೆ. ಅಂಥಾದ್ದನ್ನ ಹಳಿ ಮೇಲೆ ಬಿಟ್ಟರೆ ಕ್ಲಬ್ಬಿಗೇ ಕೆಟ್ಟ ಹೆಸರು. ಗಾಜಿನೊಳಗೆ ಇದ್ದರೆ ಎಲ್ಲರೂ ನೋಡ್ತಾರೆ, ಹಾಳೂ ಆಗಲ್ಲ."

ಸದ್ದು ಇದ್ದದ್ದು ನಿಜ. ಮೂರು ತಿಂಗಳಿಂದ ಆ ಎಂಜಿನ್ ಓಡುವಾಗ ಗರಗರ ಅನ್ನುತ್ತಿತ್ತು, ಹಲ್ಲಿಗೆ ಮರಳು ಸಿಕ್ಕಿದ ಹಾಗೆ. ಆದರೆ ಪ್ರಶ್ನೆ ಎಂಜಿನ್ನಿನದ್ದಾಗಿರಲಿಲ್ಲ.

ಒಂದೂವರೆ ವರ್ಷದ ಕೆಳಗೆ ಅಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ನಿಂತಿತು. ಬುದ್ಧಿಗೆ ಏನೂ ಆಗಿಲ್ಲ ಅಂತ ಡಾಕ್ಟರು ಹೇಳಿದರು, ನಾವೂ ಊರಿಗೆಲ್ಲ ಹಾಗೇ ಹೇಳಿದೆವು. ಅಂಗಿಯ ಗುಂಡಿ ಹಾಕಿಕೊಳ್ಳುವುದರಿಂದ ಹಿಡಿದು ಎಲ್ಲದಕ್ಕೂ ಅವನಿಗೆ ಅತ್ತಿಗೆ ಬೇಕು. ಭಾನುವಾರ ಕ್ಲಬ್ಬಿನಲ್ಲಿ ರೈಲು ಓಡಿಸುವ ಕಂಟ್ರೋಲರ್ ಮುಂದೆ ಕೂತು ಎಡಗೈಯಲ್ಲಿ ಅದರ ತಿರುಪು ಹಿಡಿದಾಗ ಮಾತ್ರ ಅವನಿಗೆ ಯಾರೂ ಬೇಕಾಗಿರಲಿಲ್ಲ. ವಾರದಲ್ಲಿ ಆ ಎರಡು ಗಂಟೆ ಅವನು ಮೊದಲಿನ ಅಣ್ಣ. ಆ ಕ್ಲಬ್ಬಿನಲ್ಲಿ ಯಾರ ಎಂಜಿನ್ ಓಡುತ್ತದೋ ಅವರಿಗೆ ಮಾತ್ರ ಆ ಕುರ್ಚಿ. ಎಂಜಿನ್ ಗಾಜಿನೊಳಗೆ ಸೇರಿದರೆ ಕುರ್ಚಿಯೂ ಹೋಯಿತು. ಆಮೇಲೆ ಅವನು ಗೋಡೆ ಬದಿಯ ಬೆಂಚಿನ ಮೇಲೆ ಕೂತು ಬೇರೆಯವರ ರೈಲು ನೋಡಬೇಕು.

"ರಿಪೇರಿ ಮಾಡಿಸಬಹುದಲ್ಲ" ಅಂದೆ.

"ಎಂಜಿನ್ ಒಂದೇ ಆಗಿದ್ರೆ ಮಾಡಿಸಬಹುದಿತ್ತು." ಅವರು ದನಿ ತಗ್ಗಿಸಿದರು. ಅಣ್ಣ ಎರಡು ಮೊಳ ದೂರದಲ್ಲಿ ನಿಂತಿದ್ದಾನೆ, ಇವರು ದನಿ ತಗ್ಗಿಸುತ್ತಾರೆ. "ನಿಮ್ಮ ಅಣ್ಣನಿಗೆ ಈಗೀಗ ಎಂಜಿನ್ನಿನ ಮುಖ ಯಾವ ಕಡೆ ಅಂತಲೂ ತಿಳೀತಾ ಇಲ್ಲ. ಪ್ರತಿ ವಾರ ಹಿಂದುಮುಂದಾಗಿ ಇಡ್ತಾರೆ. ನಾವೇ ಎತ್ತಿ ಸರಿ ಮಾಡ್ತೀವಿ. ನಿಮಗೂ ಗೊತ್ತಲ್ಲ."

ನನಗೂ ಗೊತ್ತಿತ್ತು. ಕ್ಲಬ್ಬಿನಲ್ಲಿ ಎಲ್ಲ ಎಂಜಿನ್ನುಗಳೂ ಮುಖ ಮುಂದೆ ಮಾಡಿಕೊಂಡು, ಗಡಿಯಾರದ ಮುಳ್ಳು ತಿರುಗುವ ಕಡೆಗೇ ಓಡಬೇಕು. ಅಣ್ಣ ಮಾತ್ರ ತನ್ನದನ್ನು ಬಾಲ ಮುಂದೆ ಮಾಡಿ ಇಡುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕೂತು ಅವನ ಪರವಾಗಿ ಎಲ್ಲರಿಗೂ ಉತ್ತರ ಕೊಡುತ್ತಿದ್ದ ನಾನೇ ಎಷ್ಟೋ ಸಲ ಮೆತ್ತಗೆ ಎತ್ತಿ ತಿರುಗಿಸಿದ್ದೆ. ಹಾಗಂತ ಈ ಮೀಸೆಯ ಮುಂದೆ ಒಪ್ಪಿಕೊಳ್ಳುವ ಪೈಕಿ ನಾನಲ್ಲ.

ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದೆ. ಬಟ್ಟೆ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಮೆಷಿನ್ ಮೆಕ್ಯಾನಿಕ್ ಆಗಿದ್ದವಳು ನಾನು, ಅಲ್ಲಿ ಎಲ್ಲರ ಬಾಯಲ್ಲೂ ಮೆಷಿನಕ್ಕ. ಕೆಲಸ ಬಿಟ್ಟ ಮೇಲೂ ಸ್ಕ್ರೂಡ್ರೈವರ್ ನನ್ನ ಬ್ಯಾಗು ಬಿಟ್ಟಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಫಲಕವನ್ನು ಅಧ್ಯಕ್ಷರ ಕೈಗಿಟ್ಟೆ. ಎಂಜಿನ್ ತೆಗೆದು ನನ್ನ ಶಾಲಿನಲ್ಲಿ ಸುತ್ತಿದೆ.

"ಭಾನುವಾರ ತರ್ತೀನಿ. ಸದ್ದಿಲ್ಲದೆ ಓಡಿದ್ರೆ?"

ಸುತ್ತ ಏಳೆಂಟು ಜನ ಸದಸ್ಯರು ನಿಂತಿದ್ದರು, ಹಾಗಾಗಿ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಲೇಬೇಕಾಯಿತು. "ಬೆಳಗ್ಗೆ ಒಂಬತ್ತಕ್ಕೆ ಬನ್ನಿ. ಐದು ಸುತ್ತು ಸದ್ದಿಲ್ಲದೆ ಓಡಿದ್ರೆ ಪ್ರದರ್ಶನದ ಪಟ್ಟಿಗೆ ಸೇರಿಸೋಣ."

"ಬರೆದು ಕೊಡಿ" ಅಂದೆ. ಬರೆದು ಕೊಟ್ಟರು.

ಮೆಟ್ಟಿಲು ಇಳಿಯುವಾಗ ಅಣ್ಣ ನನ್ನ ತೋಳು ಹಿಡಿದಿದ್ದ. ಅವನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಎಂಜಿನ್ ಗೇಣುದ್ದ ಇದೆ. ಅಣ್ಣ ಲೇಥ್ ಕೆಲಸದವನು. ನಾಲ್ಕು ವರ್ಷ ರಜೆಯ ದಿನಗಳಲ್ಲಿ ಕೂತು ಚಕ್ರ, ಕಡ್ಡಿ, ಹೊಗೆ ಕೊಳವೆ ಎಲ್ಲವನ್ನೂ ಹಿತ್ತಾಳೆಯಲ್ಲಿ ಕಡೆದು ಮಾಡಿದ್ದ. ಕೊಂಡು ತಂದದ್ದು ಹೊಟ್ಟೆಯೊಳಗಿನ ಮೋಟರ್ ಒಂದನ್ನೇ. ಅಣ್ಣನ ಮನೆಯಲ್ಲಿ ಊಟದ ಮೇಜಿನ ಮೇಲೆ ಸುತ್ತು ಹಳಿ, ಅವನ ಕಂಟ್ರೋಲರ್ ಜೋಡಿಸಿ, ಸೋಮವಾರ ಬೆಳಗ್ಗೆಯೇ ನಾನು ಕೆಲಸಕ್ಕೆ ಕೂತೆ.

ಹೊಲಿಗೆ ಮೆಷಿನ್ ಸದ್ದು ಮಾಡಿದರೆ ಮೊದಲು ಎಣ್ಣೆ, ಆಮೇಲೆ ಮಾತು. ನಾನು ಕಲಿತದ್ದು ಹಾಗೆ. ಎಣ್ಣೆ ಡಬ್ಬಿ ತೆಗೆದು ಕಂಡ ಕಂಡ ಸಂದಿಗೆಲ್ಲ ಬಿಟ್ಟೆ. ಅಣ್ಣ ಎಡಗೈ ಅಡ್ಡ ಹಿಡಿದ. "ಸುಮ್ನಿರಣ್ಣ, ನನಗೆ ಗೊತ್ತು" ಅಂದೆ. ಕಂಟ್ರೋಲರ್ ತಿರುಗಿಸಿದೆ. ಚಕ್ರ ನಿಂತಲ್ಲೇ ಜಾರಿತು, ಮೋಟರಿನಿಂದ ಸುಟ್ಟ ವಾಸನೆ ಬಂತು. ಒಂದು ಗಳಿಗೆ ಬಿಟ್ಟು ಎಂಜಿನ್ ಹೊರಟಿತು, ಹಳಿಯ ಉದ್ದಕ್ಕೂ ಎಣ್ಣೆ ಬಳಿಯುತ್ತಾ, ಮೊದಲಿಗಿಂತ ಜೋರಾಗಿ ಗರಗರ ಅನ್ನುತ್ತಾ.

ಅಣ್ಣ ಡಬ್ಬಿ ಕಿತ್ತುಕೊಂಡ, ಎದ್ದು ಹೋಗಿ ಪಾತ್ರೆ ತೊಳೆಯುವ ಸಿಂಕಿನೊಳಗೆ ಹಾಕಿದ. ಅತ್ತಿಗೆ ಅಲ್ಲಿ ಪಾತ್ರೆ ತೊಳೆಯುತ್ತಿದ್ದರು.

"ಇಬ್ರೂ ಸೇರಿ ನನ್ನ ಮನೇನ ಗ್ಯಾರೇಜ್ ಮಾಡಿ" ಅಂದರು ಅತ್ತಿಗೆ. ಆಮೇಲೆ ಕೈ ಒರೆಸಿಕೊಂಡು ಬಂದು ನನ್ನ ಎದುರು ಕೂತರು. "ಗಾಜಿನ ಪೆಟ್ಟಿಗೆಲಿ ಇಟ್ರೆ ಏನಾಗುತ್ತೆ? ಮರ್ಯಾದೆಯಾಗಿ ಇಡ್ತೀನಿ ಅಂತಿದಾರೆ. ಭಾನುವಾರ ಅಲ್ಲಿ ಸೋತು ಬಂದ್ರೆ ಇವರು ಮತ್ತೆ ಹಾಸಿಗೆ ಹಿಡೀತಾರೆ. ಆಮೇಲೆ ನೋಡ್ಕೊಳ್ಳೋಳು ನಾನು, ನೀನಲ್ಲ."

ಆ ಮಾತು ಚುಚ್ಚಿತು, ಯಾಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ನಾನು ಸಂಜೆಗೆ ನನ್ನ ಮನೆಗೆ ಹೋಗಿ ಕಾಲು ಚಾಚುವವಳು. ಆದರೂ ಬಿಡುವುದಿಲ್ಲ ಅಂದೆ. ಅತ್ತಿಗೆ ಎದ್ದು ಹೋಗಿ, ಎಣ್ಣೆ ತೆಗೆಯಲು ಒಂದು ಹಳೆಯ ಸೀರೆ ಹರಿದು ಕೊಟ್ಟರು.

ನಾನು ಸುರಿದ ಎಣ್ಣೆ ತೆಗೆಯುವುದಕ್ಕೇ ಮೂರು ದಿನ ಹಿಡಿಯಿತು. ಒಂದೊಂದೇ ಭಾಗ ಬಿಚ್ಚಿ, ಸ್ಪಿರಿಟ್‌ನಲ್ಲಿ ತೊಳೆದು, ಒಣಗಿಸಿ, ಮತ್ತೆ ಜೋಡಿಸಿದೆ. ಶುಕ್ರವಾರ ಚಕ್ರಗಳನ್ನು ನೋಡಿದೆ, ಸರಿಯಿದ್ದವು. ಚಕ್ರಗಳನ್ನು ಜೋಡಿಸುವ ಪಕ್ಕದ ಕಡ್ಡಿಗಳನ್ನು ಕಳಚಿ ಓಡಿಸಿದೆ, ಸದ್ದು ಇದ್ದೇ ಇತ್ತು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದೆ. ಮೆಷಿನ್ ಕೆಲಸದವರ ಡಾಕ್ಟರಿಕೆ ಅದೇ. ಸದ್ದು ಮುಂಭಾಗದಲ್ಲಿ, ಗೇರಿನ ಹತ್ತಿರ ಅನ್ನುವಷ್ಟು ತಿಳಿಯಿತು. ಗೇರು ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಒಂದು ಹಲ್ಲೂ ಸವೆದಿರಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ನನ್ನ ತಲೆ ಕೆಟ್ಟುಹೋಗಿತ್ತು. ಸಾಲದ್ದಕ್ಕೆ ಅಣ್ಣನ ಕಾಟ. ನಾನು ಪ್ರತಿ ಸಲ ಎಂಜಿನ್ ಹಳಿಯ ಮೇಲೆ ಇಟ್ಟಾಗಲೂ ಅವನು ಕೈ ಚಾಚಿ ಅದನ್ನು ತಿರುಗಿಸಿ ಇಡುತ್ತಿದ್ದ. ನಾನು ಸರಿ ಮಾಡುತ್ತಿದ್ದೆ. ಅವನು ಮತ್ತೆ ತಿರುಗಿಸುತ್ತಿದ್ದ. ನಾಲ್ಕನೇ ಸಲವೋ ಐದನೇ ಸಲವೋ ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಇದು ಮುಖ. ಇದು ಬಾಲ. ಮುಖ ಈ ಕಡೆ ಬರಬೇಕು. ಗೊತ್ತಾಯ್ತಾ?"

ಬಿಡಿಸಿ ಬಿಡಿಸಿ ಹೇಳಿದೆ, ಅಂಗನವಾಡಿ ಮಗುವಿಗೆ ಹೇಳಿದ ಹಾಗೆ. ಇದೇ ಅಣ್ಣ ನನಗೆ ಭಾಗಾಕಾರ ಕಲಿಸಿದವನು, ಲೇಥ್ ಮುಂದೆ ನಿಲ್ಲಿಸಿ ಮೊದಲ ಸಲ ಉಳಿ ಹಿಡಿಸಿದವನು. ಅವನು ನನ್ನ ಮಣಿಕಟ್ಟು ಹಿಡಿದ. ಒಂದೇ ಕೈ ಆದರೂ ಹಿಡಿತ ಕಬ್ಬಿಣ. ಕಣ್ಣಲ್ಲಿ ನೀರು ನಿಂತಿತ್ತು, ಅದು ಸಿಟ್ಟಿನ ನೀರು.

"ಆಯ್ತಪ್ಪ, ನಿನ್ನಿಷ್ಟದ ಹಾಗೇ ಆಗಲಿ. ಹಿಂದುಮುಂದಾಗೇ ಓಡ್ಲಿ" ಅಂತ ರೇಗಿ ಕಂಟ್ರೋಲರ್ ತಿರುಗಿಸಿದೆ.

ಎಂಜಿನ್ ಬಾಲ ಮುಂದೆ ಮಾಡಿಕೊಂಡು ಓಡಿತು. ಸದ್ದಿಲ್ಲ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಹಳಿಯ ಕೀಲು ದಾಟುವಾಗಿನ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ.

ನಿಲ್ಲಿಸಿ, ಮುಖ ಮುಂದೆ ಮಾಡಿ ಓಡಿಸಿದೆ. ಗರಗರ. ತಿರುಗಿಸಿದೆ. ನಿಶ್ಶಬ್ದ. ಮತ್ತೆ ತಿರುಗಿಸಿದೆ. ಗರಗರ.

ಎಂಜಿನ್ನನ್ನು ತಿರುಗಿಸಿ ಇಟ್ಟರೂ ಹಳಿಯ ಮೇಲೆ ಅದು ಹೋಗುವ ಕಡೆ ಬದಲಾಗುವುದಿಲ್ಲ, ಒಳಗಿನ ಮೋಟರ್ ಮಾತ್ರ ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗಿದಾಗ ಸದ್ದು ಇಲ್ಲ ಅಂದರೆ ಕಾಯಿಲೆ ಎಲ್ಲಿದೆ ಅಂತ ಅಲ್ಲಿಗೇ ಅರ್ಧ ಗೊತ್ತಾಯಿತು. ಕಂಟ್ರೋಲರಿನಲ್ಲೇ ರಿವರ್ಸ್ ಸ್ವಿಚ್ ಇದೆ. ಸೋಮವಾರದಿಂದ ಅದರ ಮುಂದೆ ಕೂತಿದ್ದೇನೆ, ಅದನ್ನು ಒತ್ತಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯುತ್ತದೆ? ಹೊಲಿಗೆ ಮೆಷಿನ್ನಿನ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ದಾರ ಗಂಟಾಗುತ್ತದೆ. ಹಿಂದಕ್ಕೆ ತಿರುಗಿಸಬೇಡಿ ಅಂತ ಮೂವತ್ತೊಂದು ವರ್ಷ ಫ್ಯಾಕ್ಟರಿಯ ಹುಡುಗಿಯರಿಗೆ ಬೈದು ಬೈದು, ಹಿಂದಕ್ಕೆ ಅನ್ನುವ ದಿಕ್ಕೇ ನನ್ನ ತಲೆಯಿಂದ ಅಳಿಸಿಹೋಗಿತ್ತು.

ಅಣ್ಣನ ತಲೆ ನೆಟ್ಟಗಿತ್ತು. ಮೂರು ತಿಂಗಳಿಂದ ಪ್ರತಿ ಭಾನುವಾರ, ಅಷ್ಟು ಜನರ ಮುಂದೆ, ಅವನು ಕಾಯಿಲೆ ಇದೇ, ಇಲ್ಲೇ, ನೋಡಿ ಅಂತ ಇಟ್ಟು ತೋರಿಸುತ್ತಿದ್ದ. ನಾವು ಪಾಪ ಅಂದುಕೊಂಡು ಎತ್ತಿ ಸರಿ ಮಾಡುತ್ತಿದ್ದೆವು. ಅಧ್ಯಕ್ಷರು ಮಾಡಿದ್ದನ್ನು ಬೇಕಾದರೆ ಬಿಡಿ. ನಾನು ಅವನ ಒಡಹುಟ್ಟಿದವಳು, ನಾನೂ ಹಾಗೇ ಮಾಡಿದೆ. ನನಗೆ ಎಷ್ಟು ನಾಚಿಕೆ ಆಯಿತೆಂದರೆ ಅವನ ಎದುರು ಕೂರಲಾಗದೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

"ತಪ್ಪಾಯ್ತಣ್ಣ" ಅಂದೆ. ಅವನು ಕೈಯಲ್ಲಿ ಸಾಕು ಅನ್ನುವ ಹಾಗೆ ಮಾಡಿ, ಸ್ಕ್ರೂಡ್ರೈವರ್ ಕಡೆ ಬೆರಳು ತೋರಿಸಿದ. ಕೆಲಸ ನೋಡು ಅಂತ.

ಆಮೇಲಿನದು ಕಷ್ಟವಾಗಲಿಲ್ಲ. ಮೇಲಿನ ಕವಚ ತೆಗೆದು ಮೋಟರಿನ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿದೆ. ಕೂದಲೆಳೆಯಷ್ಟು ಆಡಿತು. ಒಂದು ಕಡೆ ತಿರುಗುವಾಗ ಗೇರು ಶಾಫ್ಟನ್ನು ಹಿಂದಕ್ಕೆ ದೂಡುತ್ತದೆ, ಇನ್ನೊಂದು ಕಡೆ, ಅಂದರೆ ಮುಖ ಮುಂದೆ ಮಾಡಿ ಓಡುವಾಗ, ಮುಂದಕ್ಕೆ. ಹಿಂದೆ ತಡೆಯಲು ಒಂದು ವಾಷರ್ ಇತ್ತು. ಮುಂದೆ ಇರಲಿಲ್ಲ, ಅದಕ್ಕೇ ಗೇರು ಹೋಗಿ ಹಿತ್ತಾಳೆಯ ಮೈಗೆ ಉಜ್ಜುತ್ತಿತ್ತು. ಅಣ್ಣ ತನ್ನ ಹಳೆಯ ನಕ್ಷೆಯ ಪುಸ್ತಕ ತಂದು ಬಿಡಿಸಿ ತೋರಿಸಿದ. ನಕ್ಷೆಯಲ್ಲಿ ಎರಡೂ ಕಡೆ ವಾಷರ್ ಬರೆದಿದ್ದ.

"ಇನ್ನೊಂದು ಎಲ್ಲಿ ಹೋಯ್ತು? ಯಾರು ಬಿಚ್ಚಿದ್ರು ಇದನ್ನ?"

ಅಣ್ಣ ಎಡಗೈಯಿಂದ ಮೂಗಿನ ಕೆಳಗೆ ಇಲ್ಲದ ದಪ್ಪ ಮೀಸೆ ತೀಡಿದ. ನಾನು ಬಿದ್ದು ಬಿದ್ದು ನಕ್ಕೆ, ಅವನೂ ನಕ್ಕ. ವರ್ಷಕ್ಕೊಮ್ಮೆ ಅಧ್ಯಕ್ಷರು ಎಲ್ಲರ ಎಂಜಿನ್ನುಗಳನ್ನೂ ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜುತ್ತಾರೆ, ಸೇವೆ ಅಂತ. ಈ ವರ್ಷದ್ದು ಆಗಿ ಮೂರು ತಿಂಗಳಾಗಿತ್ತು. ಮೀನಿನ ಹುರುಪೆಯಷ್ಟು ತೆಳು ವಾಷರ್, ಒರೆಸುವ ಬಟ್ಟೆಗೆ ಅಂಟಿ ಹೋಗಿರಬೇಕು.

ಶಾಫ್ಟ್ ಆಟ ನಿಲ್ಲಿಸುವುದು ನನ್ನ ಅನ್ನದ ಕೆಲಸ. ಪೆಟ್ಟಿಗೆಯಲ್ಲಿ ಕಾಗದದಂಥ ಹಿತ್ತಾಳೆ ತಗಡು ಸದಾ ಇರುತ್ತದೆ. ಕತ್ತರಿಸಿ, ತೂತು ಹೊಡೆದು, ಅರ ಹಾಕಿ ಒಂದು ವಾಷರ್ ಮಾಡಿ ತೊಡಿಸಿದೆ. ಅಣ್ಣ ಬೆರಳಲ್ಲಿ ಶಾಫ್ಟ್ ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದ, ದಪ್ಪವಾಯಿತು. ಎರಡನೆಯದು ಅರ ಹಾಕುವಾಗ ಹರಿಯಿತು. ಮೂರನೆಯದನ್ನು ಅವನು ಎಡಗೈಯಲ್ಲಿ ಇಕ್ಕಳ ಹಿಡಿದು ಕೊಟ್ಟ, ನಾನು ಅರ ಹಾಕಿದೆ. ಅವನಿಗೆ ಸಾಕು ಅನ್ನಿಸಿದಾಗ ಇಕ್ಕಳ ಹಿಂದಕ್ಕೆ ಎಳೆದುಕೊಂಡ. ನನಗೆ ಇನ್ನೊಂದು ಎಳೆ ತೆಗೆಯಬೇಕು ಅನ್ನಿಸಿತ್ತು, ಆದರೂ ಅರ ಕೆಳಗಿಟ್ಟೆ. ಅವನು ಹೇಳಿದ್ದೇ ಸರಿಯಾಗಿತ್ತು.

ಮುಖ ಮುಂದೆ ಮಾಡಿ ಇಟ್ಟೆವು. ಓಡಿತು. ಅಡುಗೆಮನೆಯಿಂದ ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು. "ಏನು, ಕರೆಂಟ್ ಹೋಯ್ತಾ? ಸದ್ದೇ ಇಲ್ಲ" ಅಂದರು. ಮೇಜಿನ ಮೇಲೆ ಎಂಜಿನ್ ಸುತ್ತುವುದನ್ನು ನೋಡಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೂರು ಲೋಟ ಕಾಫಿ ಬಂತು.

ಭಾನುವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದೆವು. ಅತ್ತಿಗೆಯೂ ಬಂದಿದ್ದರು, ಎಂದೂ ಬಾರದವರು. ಅಣ್ಣ ತನ್ನ ಕುರ್ಚಿಯಲ್ಲಿ ಕೂತ. ನಾನು ಪಕ್ಕದ ಕುರ್ಚಿಯಲ್ಲಿ. ಎಂಜಿನ್ನನ್ನು ಅವನೇ ಹಳಿಗೆ ಇಟ್ಟ, ಮುಖ ಮುಂದೆ ಮಾಡಿ. ಎತ್ತಿ ಸರಿ ಮಾಡಲು ಮುಂದೆ ಬಂದಿದ್ದ ಒಬ್ಬರು ಕೈ ಹಿಂದಕ್ಕೆ ತೆಗೆದುಕೊಂಡರು.

ಐದು ಸುತ್ತು. ಸೇತುವೆ ಹತ್ತಿ, ಸುರಂಗ ಹೊಕ್ಕು, ತಿರುವು ದಾಟಿ. ಸದಸ್ಯರು ಹಳಿಯ ಕಡೆ ಬಗ್ಗಿ ಕೇಳಿದರು. ಗೋಡೆಯ ಫ್ಯಾನಿನ ಸದ್ದೇ ಜಾಸ್ತಿ ಇತ್ತು.

"ಭೇಷ್" ಅಂದರು ಅಧ್ಯಕ್ಷರು, ನಗುನಗುತ್ತಲೇ. "ಎಂಜಿನ್ ಪಟ್ಟಿಗೆ ಸೇರಿತು. ನಮಗೂ ಸಂತೋಷ ಮೇಡಂ. ಹತ್ತು ಗಂಟೆಗೆ ಜನ ಬರ್ತಾರೆ, ಕಂಟ್ರೋಲರ್ ನಾನೇ ನೋಡ್ಕೋತೀನಿ. ಅವರಿಗೆ ಯಾಕೆ ಸುಮ್ನೆ ತ್ರಾಸ? ಬೆಂಚಿನ ಮೇಲೆ ಆರಾಮಾಗಿ ಕೂತು ನೋಡ್ಲಿ. ಅವರಿಗೆ ಹೇಳಿ."

ನನ್ನ ನಾಲಿಗೆಯ ತುದಿಗೆ ಎಲ್ಲ ಬಂದು ನಿಂತಿತ್ತು. ಕಳೆದ ವಾಷರಿನ ಕಥೆ, ಅದನ್ನು ಕಳೆದವರ ಕಥೆ, ಇಡೀ ಸಭೆಯ ಮುಂದೆ ಮೀಸೆ ಮಣ್ಣಾಗುವಂತೆ ಹೇಳುವ ಮಾತುಗಳು. ವಾರವಿಡೀ ಸಾಣೆ ಹಿಡಿದಿಟ್ಟುಕೊಂಡಿದ್ದೆ. ಬಾಯಿ ತೆರೆದೆ. ಅಣ್ಣ ನನ್ನನ್ನೇ ನೋಡುತ್ತಿದ್ದ. ಸಹಾಯ ಕೇಳುವ ನೋಟ ಅದಲ್ಲ. ಮೇಜಿನ ಹತ್ತಿರ ನನ್ನ ಮಣಿಕಟ್ಟು ಹಿಡಿದಾಗ ಹೇಗೆ ನೋಡಿದ್ದನೋ ಹಾಗೆ ನೋಡುತ್ತಿದ್ದ.

ಬಾಯಿ ಮುಚ್ಚಿದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

"ಹೇಳಿ ಮೇಡಂ" ಅಂದರು ಅಧ್ಯಕ್ಷರು.

"ನಾನು ಯಾಕೆ ಹೇಳ್ಲಿ? ಕೂತಿರೋನು ಅವನು. ಅವನನ್ನೇ ಕೇಳಿ."

"ಅವರಿಗೆ..." ಅಂತ ಅವರು ದನಿ ತಗ್ಗಿಸಿದರು.

"ಜೋರಾಗೇ ಕೇಳಿ. ಕಿವಿ ಚೆನ್ನಾಗಿದೆ ಅವನಿಗೆ. ಇಲ್ಲಿರೋ ಎಲ್ಲರಿಗಿಂತ ಚೆನ್ನಾಗಿದೆ."

ನಾನು ಎದ್ದೆ. ಪಕ್ಕದ ಕುರ್ಚಿ ಮಡಚಿ ಗೋಡೆಗೆ ಒರಗಿಸಿ, ಹೋಗಿ ಅತ್ತಿಗೆಯ ಹತ್ತಿರ ನಿಂತೆ. ಈಗ ಆ ಕಂಟ್ರೋಲರಿನ ಹತ್ತಿರ ಅಣ್ಣನೊಬ್ಬನೇ, ಮತ್ತೆ ಅಧ್ಯಕ್ಷರು. ಒಂದೂವರೆ ವರ್ಷದಲ್ಲಿ ಅವರು ಅಣ್ಣನ ಜೊತೆ ನೇರವಾಗಿ ಒಂದು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಯಾರ ಕಡೆ ನೋಡಬೇಕೆಂದು ತಿಳಿಯದೆ ಅವರು ಸದಸ್ಯರ ಕಡೆ ನೋಡಿದರು. ಸದಸ್ಯರೆಲ್ಲ ಹಳಿ ನೋಡುತ್ತಿದ್ದರು. ಕೊನೆಗೆ ಅವರು ಬಗ್ಗಿದರು.

"ನೀವು... ಕಂಟ್ರೋಲರ್ ನನಗೆ ಕೊಡ್ತೀರಾ?"

ಅಣ್ಣ ತಿರುಪು ನಿಧಾನವಾಗಿ ತಿರುಗಿಸಿದ. ಎಂಜಿನ್ ಹೊರಟಿತು. ಸೇತುವೆ ಹತ್ತಿತು, ಸುರಂಗದೊಳಗೆ ಹೋಯಿತು, ಆಚೆಯಿಂದ ಬಂತು, ದೊಡ್ಡ ತಿರುವು ಸುತ್ತಿತು. ಪೂರ್ತಿ ಒಂದು ಸುತ್ತು ಅವನು ಅಧ್ಯಕ್ಷರನ್ನು ಹಾಗೇ ಬಗ್ಗಿಸಿ ನಿಲ್ಲಿಸಿದ. ಎಂಜಿನ್ನನ್ನು ತಂದು ಪ್ಲಾಟ್‌ಫಾರ್ಮಿನ ಗೆರೆಗೆ ಸರಿಯಾಗಿ ನಿಲ್ಲಿಸಿ, ತಲೆ ಎತ್ತಿ ಅವರ ಕಣ್ಣಲ್ಲಿ ಕಣ್ಣಿಟ್ಟು, ಇಲ್ಲ ಅಂತ ಒಂದೇ ಸಲ ತಲೆ ಅಲ್ಲಾಡಿಸಿದ.

ಅಧ್ಯಕ್ಷರು ನೆಟ್ಟಗಾದರು. "ಸರಿ" ಅಂದರು, ಅಣ್ಣನಿಗೇ ಅಂದರು. ಆಮೇಲೆ ಹೊರಗಿನ ಬಾಗಿಲು ತೆರೆಯಲು ಹೋದರು.